ಹೊಸ ಅಡುಗೆಮನೆಯ ಸಿಂಕ್ ತೊಂದರೆ ಕೊಡುತ್ತಿದೆಯಾ? ಕಾರಣ ಹುಡುಕುವ ದಾರಿ

ಹೊಸದಾಗಿ ಮಾಡಿಸಿದ ಅಡುಗೆಮನೆಯಲ್ಲಿ ಮೊದಲು ಕೈಕೊಡುವ ಜಾಗ ಸಾಮಾನ್ಯವಾಗಿ ಸಿಂಕ್. ಕಪಾಟು, ಡ್ರಾಯರ್, ಚಿಮಣಿ ಎಲ್ಲ ಚೆನ್ನಾಗಿಯೇ ಇರುತ್ತವೆ. ನಲ್ಲಿ ಮಾತ್ರ ಹನಿಯುತ್ತದೆ, ಇಲ್ಲವೇ ನೀರು ಸಣ್ಣಗೆ ಬರುತ್ತದೆ, ಇಲ್ಲವೇ ಕೆಳಗಿನ ಕಪಾಟಿನಲ್ಲಿ ಒದ್ದೆ. ಮನೆಯವರೆಲ್ಲ ಒಂದೇ ಮಾತು: "ನಲ್ಲಿ ಡೂಪ್ಲಿಕೇಟ್ ಕೊಟ್ಟಿದ್ದಾನೆ." ಹಾಗೆ ಅನ್ನುವ ಮೊದಲು ಸ್ವಲ್ಪ ತಡೆಯಿರಿ. ಹೊಸ ಸಿಂಕಿನ ತೊಂದರೆಗಳಲ್ಲಿ ನಲ್ಲಿಯದೇ ತಪ್ಪು ಇರುವುದು ಕಡಿಮೆ. ಕೆಲಸ ನಡೆದಾಗ ಪೈಪಿನೊಳಗೆ ಉಳಿದ ಮರಳು, ಅವಸರದಲ್ಲಿ ಓರೆಯಾಗಿ ಕೂತ ವಾಷರ್, ಇಳಿಜಾರು ಇಲ್ಲದ ವೇಸ್ಟ್ ಪೈಪ್, ಬಹಳ ಸಲ ಕಾರಣ ಇಂಥವೇ.

ಆದ್ದರಿಂದ ನಾನು ಒತ್ತಿ ಹೇಳುವುದು ಇಷ್ಟು. ನೀರು ಎಲ್ಲಿಂದ ಬರುತ್ತಿದೆ, ಎಲ್ಲಿ ತಡೆಯುತ್ತಿದೆ ಎಂದು ಕಣ್ಣಾರೆ ಕಾಣುವ ತನಕ ಸ್ಪ್ಯಾನರ್ ಹಿಡಿಯಬೇಡಿ. ಬಂದವರಿಗೂ ಹಿಡಿಯಲು ಬಿಡಬೇಡಿ. "ಸ್ವಲ್ಪ ಟೈಟ್ ಮಾಡಿದ್ರೆ ಆಯ್ತು ಅಕ್ಕಾ" ಎಂದು ಬಿಗಿದ ನಟ್ಟಿನಿಂದಲೇ ಹೊಸ ಸೋರಿಕೆ ಶುರುವಾದ ಮನೆಗಳು ಬೇಕಾದಷ್ಟಿವೆ.

ನಮ್ಮ ಕಡೆಯ ನೀರಿನ ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ. ದಾವಣಗೆರೆ ಊರಿಗೆ ತುಂಗಭದ್ರಾ ನದಿಯ ನೀರೂ ಭದ್ರಾ ನಾಲೆಯ ನೀರೂ ಬರುತ್ತವೆ. ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಗಳಲ್ಲಿ ತುಂಬಿಸಿಟ್ಟು ಕೊಡುತ್ತಾರೆ. ಚಿತ್ರದುರ್ಗಕ್ಕೆ ಸೂಳೆಕೆರೆ ಮತ್ತು ವಾಣಿವಿಲಾಸ ಸಾಗರದ ಆಸರೆ. ಆದರೆ ಹೊಸ ಬಡಾವಣೆಗಳಲ್ಲಿ ಎಷ್ಟೋ ಮನೆಗಳು ಪಾತ್ರೆ, ಬಟ್ಟೆಗೆ ನಂಬಿರುವುದು ಬೋರ್ ನೀರನ್ನೇ. ಅದು ಹೆಚ್ಚಾಗಿ ಗಡಸು ನೀರು, ಅಂದರೆ ಸುಣ್ಣದ ಅಂಶ ಜಾಸ್ತಿ ಇರುವ ನೀರು. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹೇಳುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರ ತನಕ ಒಪ್ಪಬಹುದು ಎನ್ನುತ್ತದೆ. ಗಡಸು ನೀರು ಹರಿಯುವ ಮನೆಯಲ್ಲಿ ನಲ್ಲಿಯ ಬಾಯಿಗೆ ಬಿಳಿ ಪೊರೆ ಕಟ್ಟಲು ಕೆಲವು ವಾರ ಸಾಕು.

ಕೈ ಹಚ್ಚುವ ಮೊದಲು

ಬೇಕಾಗುವ ಸಾಮಾನು ಎಲ್ಲ ಮನೆಯಲ್ಲೇ ಇರುತ್ತದೆ. ಒಣ ಬಟ್ಟೆ, ಹಳೇ ದಿನಪತ್ರಿಕೆ, ಮೊಬೈಲ್ ಟಾರ್ಚ್, ಬಕೆಟ್, ಒಂದು ಲೀಟರ್ ಹಿಡಿಯುವ ಚೊಂಬು.

ಸಿಂಕ್ ಕೆಳಗಿನ ಕಪಾಟು ತೆರೆದು ಗೋಡೆ ನೋಡಿ. ಗೋಡೆಯಿಂದ ಹೊರಬಂದ ಸಣ್ಣ ತಿರುಗಣೆ ಇರುತ್ತದಲ್ಲ, ಅದೇ ಆಂಗಲ್ ಕಾಕ್. ಅದನ್ನು ತಿರುಗಿಸಿ ಮುಚ್ಚಿ, ಮೇಲೆ ನಲ್ಲಿ ಬಿಡಿ. ನೀರು ಪೂರ್ತಿ ನಿಂತರೆ ಮುಂದಿನ ಕೆಲಸ ಧೈರ್ಯವಾಗಿ ಮಾಡಬಹುದು. ನಿಲ್ಲದಿದ್ದರೆ ಟೆರೇಸಿಗೆ ಹೋಗಿ ಟ್ಯಾಂಕಿನ ಗೇಟ್ ವಾಲ್ವ್ ಯಾವುದೆಂದು ಗುರುತು ಮಾಡಿಕೊಳ್ಳಿ. ಕೆಲವು ಮನೆಗಳಲ್ಲಿ ಡ್ರಾಯರ್ ಕೂರಿಸುವ ಭರದಲ್ಲಿ ಆಂಗಲ್ ಕಾಕನ್ನು ಪ್ಲೈವುಡ್ ಹಿಂದೆ ಮುಚ್ಚಿಬಿಟ್ಟಿರುತ್ತಾರೆ. ಹಾಗಿದ್ದರೆ ಇವತ್ತೇ ಬಡಗಿಯವರನ್ನು ಕರೆಸಿ, ಕೈ ಹೋಗುವಷ್ಟು ಜಾಗ ಕೊರೆಸಿ. ಪೈಪ್ ಒಡೆದ ದಿನ ಆ ಜಾಗ ಬೇಕೇ ಬೇಕು.

ಕಪಾಟಿನೊಳಗೆ ಆರ್‌ಒ ಅಥವಾ ಗೀಸರ್ ಪ್ಲಗ್ ಇದ್ದರೆ, ಅಲ್ಲಿ ಒದ್ದೆ ಕಂಡಿದ್ದರೆ, ಆ ಪ್ಲಗ್ಗಿಗೆ ಕೈ ಹಾಕಬೇಡಿ. ಮೇನ್ ಬೋರ್ಡಿನಲ್ಲಿ ಅಡುಗೆಮನೆಯ ಸ್ವಿಚ್ ಇಳಿಸಿ ಆಮೇಲೆ ಒಳಗೆ ನೋಡಿ.

ನಲ್ಲಿ ಅಥವಾ ಸಿಂಕ್ ಮುಟ್ಟಿದರೆ ಜುಮ್ ಅನ್ನುತ್ತದೆ

ಬೇರೆ ಏನನ್ನೂ ಓದುವ ಮೊದಲು ಇದನ್ನು ಓದಿ. ನಲ್ಲಿ ಮುಟ್ಟಿದಾಗ, ಸ್ಟೀಲ್ ಸಿಂಕಿಗೆ ಒದ್ದೆ ಕೈ ತಾಗಿದಾಗ ಸಣ್ಣಗೆ ಜುಮ್ ಅಂದರೂ ಅದು ಕರೆಂಟ್. ಸಣ್ಣದು ಅಂತ ಬಿಡಬೇಡಿ. ಇವತ್ತು ಜುಮ್ ಅಂದದ್ದು, ನಾಳೆ ನೆಲ ಒದ್ದೆ ಇದ್ದಾಗ ಜೀವ ತೆಗೆಯಬಹುದು. ಇಲ್ಲಿ ಮನೆಯಲ್ಲಿ ಮಾಡುವ ಪರೀಕ್ಷೆ ಯಾವುದೂ ಇಲ್ಲ. ಟೆಸ್ಟರ್ ಹಿಡಿದು ನೋಡುವುದೂ ಬೇಡ.

ಒಣ ಚಪ್ಪಲಿ ಹಾಕಿ, ಒಣ ಕೈಯಿಂದ ಮೇನ್ ಸ್ವಿಚ್ ಇಳಿಸಿ. ಮಕ್ಕಳನ್ನು ಅಡುಗೆಮನೆಯಿಂದ ದೂರ ಇಡಿ. ಕರೆಯಬೇಕಾದ್ದು ಎಲೆಕ್ಟ್ರಿಷಿಯನ್ನನ್ನು. ಪ್ಲಂಬರ್ ಬಂದು ಮಾಡುವಂಥದ್ದು ಇಲ್ಲೇನೂ ಇಲ್ಲ. ಗೀಸರಿನ ಕಾಯಿಲ್ ಒಡೆದಿರಬಹುದು, ಆರ್‌ಒ ಮೋಟರಿನ ವೈರ್ ನೀರಿಗೆ ತಾಗಿರಬಹುದು, ಕಪಾಟಿಗೆ ಹೊಡೆದ ಸ್ಕ್ರೂ ಗೋಡೆಯೊಳಗಿನ ವೈರನ್ನು ಕಚ್ಚಿರಬಹುದು. ಹೊಸ ಅಡುಗೆಮನೆಗಳಲ್ಲಿ ಕೊನೆಯದನ್ನು ಮರೆಯಲೇಬಾರದು. ಗೋಡೆಗೆ ಅಷ್ಟೊಂದು ಸ್ಕ್ರೂ ಹೊಡೆದಿರುತ್ತಾರಲ್ವಾ. ಅರ್ಥಿಂಗ್ ಸರಿ ಇದೆಯೇ, ಕರೆಂಟ್ ಸೋರಿದರೆ ತಾನೇ ಕಡಿದುಬಿಡುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದೂ ಕೇಳಿ. ಮೇನ್ ಇಳಿಸಿದ ಮೇಲೂ ಜುಮ್ ನಿಲ್ಲದಿದ್ದರೆ ತೊಂದರೆ ನಿಮ್ಮ ಮನೆಯ ಹೊರಗಿನಿಂದ ಬರುತ್ತಿರಬಹುದು. ಆಗ ಕರೆಂಟ್ ಕೊಡುವ ಕಂಪನಿ ಬೆಸ್ಕಾಂನ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳು ಬೆಸ್ಕಾಂ ವ್ಯಾಪ್ತಿಯಲ್ಲಿವೆ.

ನೀರು ಸಣ್ಣಗೆ ಬರುತ್ತದೆ

ಮೊದಲು ಒಂದು ಪ್ರಶ್ನೆ. ಮನೆಯ ಬೇರೆ ನಲ್ಲಿಗಳಲ್ಲಿ ನೀರು ಜೋರಾಗಿದೆಯೇ? ಎಲ್ಲ ಕಡೆಯೂ ಸಣ್ಣಗೇ ಇದ್ದರೆ ಸಿಂಕಿಗೆ ಕೈ ಹಚ್ಚಬೇಡಿ. ಟ್ಯಾಂಕಿನ ವಾಲ್ವ್ ಅರ್ಧ ಮುಚ್ಚಿರಬಹುದು, ಟ್ಯಾಂಕಿನಲ್ಲಿ ನೀರು ತಳ ಸೇರಿರಬಹುದು, ಲೈನಿನಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ಟ್ಯಾಂಕ್ ಪೂರ್ತಿ ಖಾಲಿಯಾಗಿ ಮತ್ತೆ ತುಂಬಿದ ಮೇಲೆ ಈ ತೊಂದರೆ ಶುರುವಾಗಿದ್ದರೆ ಗಾಳಿಯೇ ಕಾರಣ ಇರುವ ಸಾಧ್ಯತೆ ಜಾಸ್ತಿ. ಟ್ಯಾಂಕ್ ತುಂಬಿಸಿ, ಮನೆಯ ಎಲ್ಲಕ್ಕಿಂತ ಕೆಳಗಿನ ನಲ್ಲಿಯನ್ನು ಪೂರ್ತಿ ತೆರೆದು ಸ್ವಲ್ಪ ಹೊತ್ತು ಬಿಡಿ. ಉಗುಳಿ ಉಗುಳಿ ಬಂದು ಆಮೇಲೆ ಸರಾಗವಾಗುತ್ತದೆ.

ಸಿಂಕಿನಲ್ಲಿ ಮಾತ್ರ ಸಣ್ಣಗೆ ಬಂದರೆ ನಲ್ಲಿಯ ಬಾಯಿಗೆ ಕೈ ಹಾಕಿ. ಅಲ್ಲಿ ತಿರುಗಿಸಿ ಬಿಚ್ಚುವ ಒಂದು ಸಣ್ಣ ಜಾಲಿ ಇರುತ್ತದೆ. ಪ್ಲಂಬರುಗಳು ಏರೇಟರ್ ಅನ್ನುತ್ತಾರೆ. ಸಿಂಕಿನ ತೂತಿಗೆ ಬಟ್ಟೆ ಮುಚ್ಚಿ, ಇಲ್ಲದಿದ್ದರೆ ಬಿಚ್ಚಿದ ರಬ್ಬರ್ ರಿಂಗ್ ನೇರ ಒಳಗೆ ಹೋಗುತ್ತದೆ. ಜಾಲಿಯನ್ನು ಕೈಯಿಂದಲೇ ಬಿಚ್ಚಿ. ಬರದಿದ್ದರೆ ಬಟ್ಟೆ ಸುತ್ತಿ ಮೆಲ್ಲಗೆ ಇಕ್ಕಳ ಹಾಕಿ. ಬಿಡಿಭಾಗಗಳನ್ನು ಯಾವ ಸಾಲಿನಲ್ಲಿ ತೆಗೆದಿರೋ ಅದೇ ಸಾಲಿನಲ್ಲಿ ಬಟ್ಟೆ ಮೇಲೆ ಜೋಡಿಸಿಡಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದರೆ ಇನ್ನೂ ಒಳ್ಳೆಯದು.

ಜಾಲಿಯಲ್ಲಿ ಏನು ಸಿಕ್ಕಿತು ಎಂದು ಗಮನವಿಟ್ಟು ನೋಡಿ. ತೊಂದರೆ ಎಲ್ಲಿಂದ ಬಂತು ಎಂದು ಹೇಳುವುದು ಅದೇ. ಬೂದು ಬಣ್ಣದ ಮರಳು, ಸಿಮೆಂಟ್ ಚೂರು ಇದ್ದರೆ ಕಟ್ಟಡ ಕೆಲಸದ ಕಸ ಲೈನಿನಲ್ಲಿ ಇನ್ನೂ ಇದೆ ಅಂತ. ಬಿಳಿ ನಾರಿನಂಥದ್ದು, ಸೋರದಿರಲಿ ಎಂದು ಥ್ರೆಡ್ಡಿಗೆ ಸುತ್ತುವ ಟೆಫ್ಲಾನ್ ಟೇಪಿನ ತುಂಡು. ಯಾರೋ ಟೇಪನ್ನು ಥ್ರೆಡ್ಡಿನ ಬಾಯಿ ದಾಟಿ ಸುತ್ತಿದ್ದಾರೆ. ಸುರುಳಿ ಸುರುಳಿ ಪ್ಲಾಸ್ಟಿಕ್ ಚೂರು ಪೈಪ್ ಕತ್ತರಿಸಿದಾಗ ಉಳಿದದ್ದು. ಇವು ಮೂರೂ ಒಮ್ಮೆ ತೊಳೆದು ಹೋದರೆ ಮುಗಿಯಿತು. ಗಟ್ಟಿ ಬಿಳಿ ಪೊರೆ ಇದ್ದರೆ ಅದು ಗಡಸು ನೀರಿನ ಸುಣ್ಣ, ಮತ್ತೆ ಮತ್ತೆ ಬರುತ್ತದೆ. ಕಂದು ಬಣ್ಣದ ತುಕ್ಕಿನ ಪುಡಿ ಬಂದರೆ ಲೈನಿನಲ್ಲಿ ಎಲ್ಲೋ ಹಳೇ ಕಬ್ಬಿಣದ ಪೈಪ್ ಉಳಿದಿದೆಯೇ, ಅಥವಾ ಬೋರ್ ನೀರಿನಲ್ಲೇ ಕಬ್ಬಿಣದ ಅಂಶ ಇದೆಯೇ ಎಂದು ವಿಚಾರಿಸಿ.

ಮರಳಾದರೆ ಹಳೇ ಟೂತ್‌ಬ್ರಷ್ ಸಾಕು. ಸುಣ್ಣವಾದರೆ ಬಿಳಿ ವಿನಿಗರಿನಲ್ಲೋ ನಿಂಬೆಹುಳಿಯಲ್ಲೋ ಅರ್ಧ ಗಂಟೆ ನೆನೆಹಾಕಿ ಉಜ್ಜಿ. ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಬೇಡ, ನಲ್ಲಿಯ ಹೊಳಪೂ ಹೋಗುತ್ತದೆ, ರಬ್ಬರೂ ಹಾಳಾಗುತ್ತದೆ.

ಜಾಲಿ ಹೊರಗಿರುವಾಗಲೇ ಒಂದು ಅಳತೆ ಮಾಡಿ. ನಲ್ಲಿ ಪೂರ್ತಿ ತೆರೆದು ಒಂದು ಲೀಟರ್ ಚೊಂಬು ತುಂಬಲು ಎಷ್ಟು ಸೆಕೆಂಡ್ ಬೇಕು ಎಂದು ಎಣಿಸಿ. 10 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 6 ಲೀಟರ್ ಬಂದ ಹಾಗೆ. ಪಾತ್ರೆ ತೊಳೆಯಲು ಅಷ್ಟು ಧಾರಾಳ. ಜಾಲಿ ಇಲ್ಲದೆ ಚೆನ್ನಾಗಿ ಬಂದು, ಜಾಲಿ ಹಾಕಿದಾಗ ಸಣ್ಣಗಾದರೆ ಜಾಲಿಯದೇ ದೋಷ. ಹೊಸ ಜಾಲಿ ತಂದು ಹಾಕಿ, ಅದಕ್ಕೆ ದುಡ್ಡು ಜಾಸ್ತಿ ಆಗುವುದಿಲ್ಲ.

ಜಾಲಿ ತೆಗೆದ ಮೇಲೂ ಸಣ್ಣಗೇ ಇದ್ದರೆ ಕೆಳಗೆ ಹೋಗಿ. ಆಂಗಲ್ ಕಾಕ್ ಪೂರ್ತಿ ತೆರೆದಿದೆಯೇ? ಕೆಲಸ ಮುಗಿಸಿದವರು ಅರ್ಧಕ್ಕೆ ಬಿಟ್ಟು ಹೋಗಿರುವುದು ಬಹಳ ಸಾಮಾನ್ಯ. ಅಲ್ಲಿಂದ ನಲ್ಲಿಗೆ ಹೋಗುವ ಕನೆಕ್ಷನ್ ಪೈಪ್ ಎಲ್ಲಾದರೂ ಮಡಿಸಿಕೊಂಡಿದೆಯೇ ನೋಡಿ. ಉದ್ದ ಜಾಸ್ತಿಯಾಗಿ ಡ್ರಾಯರಿನ ಹಿಂದೆ ಸಿಕ್ಕಿಕೊಂಡಿರುತ್ತದೆ. ಇವೆಲ್ಲ ಸರಿ ಇದ್ದರೆ ಆಂಗಲ್ ಕಾಕ್ ಮುಚ್ಚಿ, ಕನೆಕ್ಷನ್ ಪೈಪಿನ ಮೇಲಿನ ತುದಿಯನ್ನು ನಲ್ಲಿಯಿಂದ ಬಿಚ್ಚಿ ಬಕೆಟಿಗೆ ಹಿಡಿದು, ಮೆಲ್ಲಗೆ ತೆರೆಯಿರಿ. ಬಕೆಟಿಗೆ ಜೋರಾಗಿ ಬಂದರೆ ತಡೆ ನಲ್ಲಿಯೊಳಗಿದೆ. ಬಕೆಟಿಗೂ ಸಣ್ಣಗೇ ಬಂದರೆ ತಡೆ ಆಂಗಲ್ ಕಾಕಿನಲ್ಲಿ ಅಥವಾ ಗೋಡೆಯೊಳಗಿನ ಲೈನಿನಲ್ಲಿ. ಆಂಗಲ್ ಕಾಕಿನೊಳಗೂ ಕೆಲವದರಲ್ಲಿ ಸಣ್ಣ ಜಾಲಿ ಇರುತ್ತದೆ. ಗೋಡೆಯೊಳಗಿನ ತನಕ ಹೋಗಬೇಕಾಗಿ ಬಂದರೆ ನೀವು ನಿಲ್ಲಿಸಿ, ಪ್ಲಂಬರಿಗೆ ಬಿಡಿ.

ಇನ್ನೊಂದು ಕಾರಣ ಇದೆ. ಅದನ್ನು ರಿಪೇರಿ ಮಾಡಲು ಆಗುವುದಿಲ್ಲ, ಆದ್ದರಿಂದ ಕೊಳ್ಳುವ ಮೊದಲೇ ತಿಳಿದಿದ್ದರೆ ಒಳ್ಳೆಯದು. ಉದ್ದ ಕುತ್ತಿಗೆಯ, ಎಳೆದರೆ ಬರುವ ಶವರ್ ನಲ್ಲಿಗಳು ಈಗ ಎಲ್ಲರಿಗೂ ಇಷ್ಟ. ಅವುಗಳ ಒಳದಾರಿ ಸಣ್ಣದು, ಒತ್ತಡ ಬೇಕು. ನಮ್ಮ ಮನೆಗಳಲ್ಲಿ ಒತ್ತಡ ಬರುವುದು ಟೆರೇಸ್ ಟ್ಯಾಂಕಿನ ಎತ್ತರದಿಂದ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ. ಟ್ಯಾಂಕ್ ನಲ್ಲಿಗಿಂತ 3 ಮೀಟರ್ ಮೇಲಿದ್ದರೆ ಸಿಗುವುದು 0.3 ಬಾರ್ ಮಾತ್ರ. ಮೇಲಿನ ಮಹಡಿಯ ಅಡುಗೆಮನೆಗೆ ಅದಕ್ಕಿಂತ ಕಡಿಮೆ, ಕೆಳಗಿನವರಿಗೆ ಸ್ವಲ್ಪ ಜಾಸ್ತಿ. ಡಬ್ಬದ ಮೇಲೆ ಕನಿಷ್ಠ ಒತ್ತಡ ಎಷ್ಟು ಬೇಕೆಂದು ಬರೆದಿರುತ್ತದೆ. ಅದು ನಿಮ್ಮ ಟ್ಯಾಂಕ್ ಕೊಡುವುದಕ್ಕಿಂತ ಜಾಸ್ತಿ ಇದ್ದರೆ ನಲ್ಲಿಯನ್ನು ಬೈದು ಉಪಯೋಗವಿಲ್ಲ. ಬದಲಾಯಿಸಿ, ಇಲ್ಲವೇ ಪ್ರೆಶರ್ ಪಂಪ್ ಹಾಕಿಸಿ. ಒಂದು ಸಿಂಕಿಗಾಗಿ ಪಂಪ್ ಹಾಕಿಸುವುದಕ್ಕಿಂತ ಸಾದಾ ನಲ್ಲಿ ಹಾಕಿಸುವುದೇ ಮೇಲು ಅನ್ನುವುದು ನನ್ನ ಅಭಿಪ್ರಾಯ.

ಮುಚ್ಚಿದರೂ ಹನಿ ನಿಲ್ಲುವುದಿಲ್ಲ

ಉದ್ದ ಕುತ್ತಿಗೆಯ ನಲ್ಲಿ ಮುಚ್ಚಿದ ಮೇಲೆ ಕೆಲವು ಹನಿ ಬೀಳುವುದು ಸಹಜ. ಕುತ್ತಿಗೆಯಲ್ಲಿ ಉಳಿದ ನೀರು ಅದು. ಐದು ನಿಮಿಷ ಕಳೆದ ಮೇಲೆ ನೋಡಿ. ಆಗಲೂ ಹನಿಯುತ್ತಿದ್ದರೆ ಮಾತ್ರ ದೋಷ.

ಈಗಿನ ನಲ್ಲಿಗಳಲ್ಲಿ ಹೆಚ್ಚಿನವಕ್ಕೆ ಒಳಗೆ ಎರಡು ಸೆರಾಮಿಕ್ ಬಿಲ್ಲೆಗಳಿರುತ್ತವೆ. ಒಂದರ ಮೇಲೊಂದು ಜಾರಿ ನೀರು ಬಿಡುತ್ತವೆ, ತಡೆಯುತ್ತವೆ. ನಡುವೆ ಒಂದೇ ಒಂದು ಮರಳಿನ ಕಣ ಸಿಕ್ಕಿದರೂ ಹನಿ ಶುರು. ಆದ್ದರಿಂದ ಮೊದಲು ಬಾಯಿಯ ಜಾಲಿ ತೆಗೆದು, ನಲ್ಲಿಯನ್ನು ಪೂರ್ತಿ ತೆರೆದು, ಪೂರ್ತಿ ಮುಚ್ಚಿ, ಹೀಗೆ ಹಲವು ಸಲ ಮಾಡಿ. ಎಷ್ಟೋ ಸಲ ಕಣ ತೊಳೆದು ಹೋಗಿ ಹನಿ ನಿಂತುಬಿಡುತ್ತದೆ. ಹನಿಯುತ್ತದೆ ಅಂತ ಹಿಡಿಯನ್ನು ಬಲವಾಗಿ ಒತ್ತಿ ಮುಚ್ಚಬೇಡಿ. ಹಳೇ ರಬ್ಬರ್ ವಾಷರ್ ನಲ್ಲಿಗೆ ಆ ಅಭ್ಯಾಸ ನಡೆಯುತ್ತಿತ್ತು. ಸೆರಾಮಿಕ್ ನಲ್ಲಿಯಲ್ಲಿ ಬಿಲ್ಲೆಗೆ ಗೀರು ಬಿದ್ದು ನಿಜವಾದ ದೋಷವೇ ಆಗುತ್ತದೆ. ಮನೆಯ ಹಿರಿಯರಿಗೆ, ಪಾತ್ರೆ ತೊಳೆಯಲು ಬರುವವರಿಗೆ ಇದನ್ನು ಒಮ್ಮೆ ಸಮಾಧಾನವಾಗಿ ತೋರಿಸಿಕೊಡಿ.

ಇದರಿಂದಲೂ ನಿಲ್ಲದಿದ್ದರೆ ಆ ಬಿಲ್ಲೆಗಳಿರುವ ಒಳಭಾಗವನ್ನೇ, ಅಂದರೆ ಕಾರ್ಟ್ರಿಡ್ಜ್ ಅನ್ನು, ಬದಲಿಸಬೇಕು. ಮನೆಯಲ್ಲೇ ಮಾಡಬಹುದಾದ ಕೆಲಸವೇ. ಆದರೆ ನಿಮ್ಮದು ಹೊಸ ನಲ್ಲಿ. ಬಿಚ್ಚುವ ಮೊದಲು ವಾರಂಟಿ ಕಾರ್ಡ್ ಓದಿ. ಬೇರೆಯವರು ಬಿಚ್ಚಿದ ನಲ್ಲಿಗೆ ವಾರಂಟಿ ಇಲ್ಲ ಎನ್ನುವ ಷರತ್ತು ಇರಬಹುದು.

ಒಂದೇ ಹಿಡಿಯಿಂದ ಬಿಸಿ, ತಣ್ಣೀರು ಎರಡೂ ಬಿಡುವ ಸಿಂಗಲ್ ಲಿವರ್ ಮಿಕ್ಸರ್ ನಲ್ಲಿ ಹಾಕಿಸಿಕೊಂಡು, ಅಡುಗೆಮನೆಗೆ ಬಿಸಿನೀರಿನ ಲೈನೇ ಇಲ್ಲದ ಮನೆಗಳೂ ಇವೆ. ಅಲ್ಲಿ ಒಂದು ಪೈಪಿಗೆ ಮಾತ್ರ ನೀರು ಕೊಟ್ಟು, ಇನ್ನೊಂದನ್ನು ಹಾಗೇ ನೇತು ಬಿಟ್ಟಿರುತ್ತಾರೆ. ಲಿವರ್ ನಡುವಿಗೆ ಬಂದಾಗ ಆ ಎರಡನೇ ಪೈಪಿನಿಂದ ನೀರು ಕಪಾಟಿನೊಳಗೆ ಸುರಿಯುತ್ತದೆ. ನಲ್ಲಿ ಒಡೆದಿದೆ ಎಂದು ಗಾಬರಿಯಾಗಬೇಡಿ. ಆ ತುದಿಗೆ ಎಂಡ್ ಪ್ಲಗ್ ಹಾಕಿಸಿದರೆ ಸರಿಹೋಗುತ್ತದೆ.

ನಲ್ಲಿಯ ಬುಡದಲ್ಲಿ, ಕುತ್ತಿಗೆಯಲ್ಲಿ ಒಸರುತ್ತದೆ

ಕುತ್ತಿಗೆ ಆಚೆ ಈಚೆ ತಿರುಗುವ ಜಾಗದಲ್ಲಿ ಒಸರಿದರೆ ಒಳಗಿನ ರಬ್ಬರ್ ರಿಂಗ್ ಓರೆಯಾಗಿದೆ ಅಥವಾ ಸವೆದಿದೆ. ಹೊಸ ನಲ್ಲಿಯಲ್ಲಿ ಹೀಗಾದರೆ ಅಂಗಡಿಯವರು ಬದಲಿಸಿ ಕೊಡಬೇಕು. ಬುಡದ ಸುತ್ತ ನೀರು ನಿಂತರೆ ಮೊದಲು ನಲ್ಲಿಯನ್ನು ಹಿಡಿದು ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ಕಟ್ಟೆಯ ಕೆಳಗಿನ ನಟ್ ಸಡಿಲ. ಅಲ್ಲಾಡದಿದ್ದರೆ ಅದು ಪಾತ್ರೆ ತೊಳೆಯುವಾಗ ಸಿಡಿದ ನೀರೂ ಇರಬಹುದು. ಒರೆಸಿ, ಸಿಂಕಿಗೆ ನೇರವಾಗಿ ನೀರು ಬಿಟ್ಟು ನೋಡಿದರೆ ಗೊತ್ತಾಗುತ್ತದೆ. ಸೋರುವ ಜಾಗಕ್ಕೆ ಮೇಲಿನಿಂದ ಸಿಲಿಕಾನ್ ಬಳಿಯಲು ಯಾರಾದರೂ ಬಂದರೆ ಬೇಡ ಅನ್ನಿ. ಮೇಲೆ ದಾರಿ ಮುಚ್ಚಿದರೆ ನೀರು ಕೆಳಗೆ ಕಪಾಟಿಗೆ ಇಳಿಯುತ್ತದೆ.

ಸಿಂಕ್ ಕೆಳಗಿನ ಕಪಾಟು ಒದ್ದೆ

ಎಲ್ಲಕ್ಕಿಂತ ನಷ್ಟ ಮಾಡುವ ತೊಂದರೆ ಇದು. ನಲ್ಲಿಯ ಬೆಲೆ ಕೆಲವು ಸಾವಿರ. ಕೆಳಗಿನ ಪ್ಲೈವುಡ್ ಉಬ್ಬಿದರೆ ಇಡೀ ಕಪಾಟೇ ಹೋಗುತ್ತದೆ. ಹಾಗಾಗಿ ಇಲ್ಲಿ ಸಾವಧಾನವಾಗಿ ಹುಡುಕಬೇಕು. ನೀರು ಬೀಳುವ ಜಾಗ ಬೇರೆ, ಹುಟ್ಟುವ ಜಾಗ ಬೇರೆ. ಪೈಪಿನ ಮೈ ಹಿಡಿದು ಜಾರಿ, ಮೂಲೆಯಲ್ಲಿ ಬಂದು ಬೀಳುತ್ತದೆ.

ಕಪಾಟು ಪೂರ್ತಿ ಖಾಲಿ ಮಾಡಿ. ಪೈಪುಗಳನ್ನೂ ತಳವನ್ನೂ ಒಣ ಬಟ್ಟೆಯಿಂದ ಒರೆಸಿ. ತಳಕ್ಕೆ ದಿನಪತ್ರಿಕೆ ಹಾಸಿ. ಹನಿ ಬಿದ್ದ ಜಾಗ ಪೇಪರಿನ ಮೇಲೆ ಚೆನ್ನಾಗಿ ಕಾಣುತ್ತದೆ.

ಮೊದಲ ಪರೀಕ್ಷೆ: ಆಂಗಲ್ ಕಾಕ್ ತೆರೆದಿರಲಿ, ನಲ್ಲಿ ಮುಚ್ಚಿರಲಿ. ಅರ್ಧ ಗಂಟೆ ಸಿಂಕ್ ಬಳಸಬೇಡಿ. ಪೇಪರ್ ಒದ್ದೆಯಾದರೆ ದೋಷ ನೀರು ಬರುವ ಕಡೆ. ಆಂಗಲ್ ಕಾಕ್, ಕನೆಕ್ಷನ್ ಪೈಪಿನ ಎರಡು ತುದಿ, ಆರ್‌ಒಗೆ ಕೊಟ್ಟ ಜೋಡಣೆ, ಒಂದೊಂದಕ್ಕೂ ಒಣ ಟಿಶ್ಯೂ ಸುತ್ತಿ ನೋಡಿ. ಮೊದಲು ಯಾವುದು ಒದ್ದೆಯಾಗುತ್ತದೋ ಅದೇ ಜಾಗ.

ಪೇಪರ್ ಒಣಗಿಯೇ ಇದ್ದರೆ ಎರಡನೆಯದು. ಸಿಂಕಿನ ತೂತು ಮುಚ್ಚದೆ ಎರಡು ನಿಮಿಷ ನೀರು ಬಿಡಿ. ಈಗ ಒದ್ದೆಯಾದರೆ ಬಹುಮಟ್ಟಿಗೆ ನೀರು ಹೋಗುವ ಕಡೆ ದೋಷ. ಟ್ರ್ಯಾಪ್ (ಸಿಂಕಿನ ಕೆಳಗೆ ಸ್ವಲ್ಪ ನೀರು ನಿಲ್ಲುವ ಬಟ್ಟಲಿನ ಭಾಗ), ವೇಸ್ಟ್ ಪೈಪಿನ ನಟ್ಟುಗಳನ್ನು ಮುಟ್ಟಿ ನೋಡಿ. ನಲ್ಲಿ ತೆರೆದಾಗ ಮಾತ್ರ ಅದರ ಒಳಗಿನಿಂದ ಇಳಿಯುವ ನೀರೂ ಇದೇ ಹೊತ್ತಿಗೆ ಕಾಣುತ್ತದೆ, ಆದ್ದರಿಂದ ಟಾರ್ಚ್ ಹಿಡಿದು ನಲ್ಲಿಯ ಬುಡದ ಕೆಳಭಾಗವನ್ನೂ ನೋಡಿ.

ಆಗಲೂ ಒಣಗಿದ್ದರೆ, ತೂತು ಮುಚ್ಚಿ ಸಿಂಕ್ ತುಂಬಿಸಿ. ಮೇಲಿನ ಓವರ್‌ಫ್ಲೋ ತೂತಿನ ತನಕ ನೀರು ಏರಲಿ. ನೀರು ನಿಂತಿರುವಾಗಲೇ ಹನಿದರೆ ಸಿಂಕಿನ ತೂತಿಗೆ ಕೂರಿಸಿದ ವೇಸ್ಟ್ ಕಪ್ಲಿಂಗಿನ ರಬ್ಬರ್ ಸರಿಯಾಗಿ ಕೂತಿಲ್ಲ. ಓವರ್‌ಫ್ಲೋ ಮಟ್ಟ ಮುಟ್ಟಿದ ಮೇಲೆ ಹನಿದರೆ ಅಲ್ಲಿಂದ ಇಳಿಯುವ ಸಣ್ಣ ಪೈಪಿನ ಜೋಡಣೆ. ಬಿರಡೆ ತೆಗೆದು ಎಲ್ಲ ನೀರು ಒಟ್ಟಿಗೆ ಹೋಗುವಾಗ ಹನಿದರೆ ಕೆಳಗಿನ ಟ್ರ್ಯಾಪ್. ಕೊನೆಗೆ, ಸಿಂಕಿನ ಅಂಚಿಗೂ ಗ್ರಾನೈಟ್ ಕಟ್ಟೆಗೂ ನಡುವಿನ ಗೆರೆಯ ಮೇಲೆ ಚೊಂಬಿನಿಂದ ಸ್ವಲ್ಪ ನೀರು ಹಾಕಿ ನೋಡಿ. ಆ ಗೆರೆಯ ಸಿಲಿಕಾನಿನಲ್ಲಿ ಬಿರುಕಿದ್ದರೆ ನೀರು ಅಲ್ಲಿಂದ ಇಳಿಯುತ್ತದೆ.

ಜಾಗ ಸಿಕ್ಕಿದ ಮೇಲೆ ಸರಿಪಡಿಸುವುದು ಹೆಚ್ಚು ಕಷ್ಟವಿಲ್ಲ. ಕನೆಕ್ಷನ್ ಪೈಪಿನ ತುದಿಯಲ್ಲಿ ನೀರು ತಡೆಯುವುದು ಒಳಗಿನ ರಬ್ಬರ್ ವಾಷರ್. ಅಲ್ಲಿ ಟೆಫ್ಲಾನ್ ಸುತ್ತಿ ಪ್ರಯೋಜನವಿಲ್ಲ. ವಾಷರ್ ನೇರವಾಗಿ ಕೂರಿಸಿ, ನಟ್ಟನ್ನು ಕೈಯಿಂದ ಪೂರ್ತಿ ತಿರುಗಿಸಿ, ಆಮೇಲೆ ಸ್ಪ್ಯಾನರಿನಿಂದ ಕಾಲು ಸುತ್ತು, ಅಷ್ಟೇ. ಪ್ಲಾಸ್ಟಿಕ್ ನಟ್ಟುಗಳಿಗೆ ಸ್ಪ್ಯಾನರ್ ಬೇಡವೇ ಬೇಡ. ಟೆಫ್ಲಾನ್ ಬೇಕಾದ್ದು ಗೋಡೆಯ ಥ್ರೆಡ್ಡಿಗೆ ಆಂಗಲ್ ಕಾಕ್ ಹತ್ತಿಸುವ ಕಡೆ. ಅಲ್ಲಿ ಸೋರಿದರೆ ನೀವು ತಿರುಗಿಸಲು ಹೋಗಬೇಡಿ. ಗೋಡೆಯೊಳಗಿನ ಎಲ್ಬೋ, ಅಂದರೆ ಪೈಪ್ ತಿರುಗುವ ಜೋಡಣೆ, ಬಿರುಕು ಬಿಟ್ಟರೆ ಟೈಲ್ಸ್ ಒಡೆಯಬೇಕಾಗುತ್ತದೆ. ಟ್ಯಾಂಕಿನ ವಾಲ್ವ್ ಮುಚ್ಚಿ ಪ್ಲಂಬರನ್ನು ಕರೆಯಿರಿ. ನಟ್ಟಿನಲ್ಲೇ ಬಿರುಕು ಕಂಡರೆ ಪೈಪನ್ನೇ ಬದಲಿಸಿ, ಹಿತ್ತಾಳೆ ನಟ್ ಇರುವ ಪೈಪ್ ಕೇಳಿ ತನ್ನಿ.

ಆರ್‌ಒ ಜೋಡಣೆಯನ್ನು ಬೇರೆಯಾಗಿ ಹೇಳಬೇಕು. ಚಿತ್ರದುರ್ಗ ಜಿಲ್ಲೆಯ ಹಲವು ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಅದಕ್ಕೆ ಐಎಸ್ 10500 ಹೇಳುವುದು ಲೀಟರಿಗೆ 1 ಮಿಲಿಗ್ರಾಂ ಮಿತಿ, ಬೇರೆ ದಾರಿ ಇಲ್ಲದಿದ್ದರೆ 1.5. ಅದಕ್ಕೇ ಬೋರ್ ನೀರು ಕುಡಿಯುವ ಮನೆಗಳಲ್ಲಿ ಆರ್‌ಒ ಇರಲೇಬೇಕು ಅನ್ನುವಂತಾಗಿದೆ. ಸಿಂಕ್ ಕೂರಿಸಿದವರು ಹೋದ ಮೇಲೆ ಆರ್‌ಒ ಹುಡುಗರು ಬಂದು ಅದೇ ಆಂಗಲ್ ಕಾಕಿಗೆ ಇನ್ನೊಂದು ಜೋಡಣೆ ಸೇರಿಸುತ್ತಾರೆ. ಅವರು ಹೋದ ದಿನದಿಂದಲೇ ಒದ್ದೆ ಶುರುವಾಗಿದ್ದರೆ ಮೊದಲು ನೋಡಬೇಕಾದ ಜಾಗ ಅದೇ. ಆರ್‌ಒ ಬಿಡುವ ವೇಸ್ಟ್ ನೀರಿನ ಸಣ್ಣ ಪೈಪ್ ಟ್ರ್ಯಾಪಿನಿಂದ ಜಾರಿ ಹೊರಗೆ ಬಂದಿದೆಯೇ ಎಂದೂ ನೋಡಿ.

ಒದ್ದೆಯಾದ ಕಪಾಟನ್ನು ಬಾಗಿಲು ತೆರೆದೇ ಒಣಗಿಸಿ, ಫ್ಯಾನ್ ಗಾಳಿ ಬಿಡಿ. ಹೀಟರ್ ಇಡಬೇಡಿ. ಅಂಚು ಉಬ್ಬಿದೆಯೇ ಎಂದು ಬೆರಳಾಡಿಸಿ ನೋಡಿ. ಬಿಸಿನೀರಿಗೂ ತಡೆಯುವ ಬಿಡಬ್ಲ್ಯುಪಿ ಪ್ಲೈವುಡ್ಡಿನ ಮೇಲೆ ಐಎಸ್ 710 ಎಂಬ ಮುದ್ರೆ ಇರುತ್ತದೆ. ಐಎಸ್ 303ರ ಎಂಆರ್ ದರ್ಜೆಯದು ತೇವದ ಗಾಳಿಗೆ ತಡೆಯಬಹುದು, ನಿಂತ ನೀರಿಗೆ ತಡೆಯುವುದಿಲ್ಲ. ಎಂಡಿಎಫ್ ಹಲಗೆಯಾದರೆ ಒಮ್ಮೆ ಉಬ್ಬಿದ್ದು ಮತ್ತೆ ಕೂರುವುದಿಲ್ಲ. ಕರಾರಿನಲ್ಲಿ 710 ಎಂದು ಬರೆದು ಸಿಂಕ್ ಕೆಳಗೆ ಬೇರೇನೋ ಹಾಕಿದ್ದಾರೆಯೇ ಎಂದು ತಿಳಿಯಲು ಇದೇ ಸಮಯ.

ಒಂದು ಎಚ್ಚರಿಕೆ. ಕಟ್ಟೆಯ ಕೆಳಗಿನಿಂದ ಅಂಟಿಸಿದ ಸಿಂಕ್ ಆಗಿದ್ದು, ಅಂಚಿನಲ್ಲಿ ಬಿಟ್ಟ ಜಾಗ ದಿನೇ ದಿನೇ ಅಗಲವಾಗುತ್ತಿದ್ದರೆ ಸಿಂಕ್ ಇಳಿಯುತ್ತಿದೆ ಅಂತ. ಬರೀ ಸಿಲಿಕಾನ್ ನಂಬಿ, ಕೆಳಗೆ ಆಸರೆ ಕೊಡದೆ ಕೂರಿಸಿದರೆ ಹೀಗಾಗುತ್ತದೆ. ಪಾತ್ರೆ, ನೀರು ಎಲ್ಲ ತೆಗೆದು ಬಳಕೆ ನಿಲ್ಲಿಸಿ. ಕೂರಿಸಿದವರೇ ಬಂದು ಆಸರೆ ಕೊಟ್ಟು ಮತ್ತೆ ಕೂರಿಸಬೇಕು.

ನೀರು ಇಳಿಯುವುದಿಲ್ಲ, ಗುಳುಗುಳು ಅನ್ನುತ್ತದೆ, ವಾಸನೆ ಬರುತ್ತದೆ

ಹೊಸ ಸಿಂಕ್ ಕಟ್ಟಿಕೊಳ್ಳಲು ಅನ್ನದ ಅಗುಳೇ ಬೇಕಿಲ್ಲ. ಟೈಲ್ಸ್ ಕೆಲಸದವರು ಗ್ರೌಟ್ ಬಕೆಟ್ ತೊಳೆದ ನೀರು, ಪೇಂಟರು ಪುಟ್ಟಿ ತೊಳೆದ ನೀರು ಎಲ್ಲ ಅದೇ ತೂತಿಗೆ ಹೋಗಿರುತ್ತದೆ. ಅದು ಪೈಪಿನ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ.

ಮೊದಲು ತೂತಿನ ಜಾಲಿ ಎತ್ತಿ ನೋಡಿ. ಆಮೇಲೆ ಕೆಳಗಿನ ವೇಸ್ಟ್ ಪೈಪ್. ಮಡಿಕೆ ಮಡಿಕೆಯ ಪೈಪ್ ಆಗಿದ್ದರೆ ನಡುವೆ ಜೋತು ಬಿದ್ದಿದೆಯೇ? ಜೋತು ಬಿದ್ದ ಕಡೆ ಎಣ್ಣೆ ಜಿಡ್ಡು ಕಟ್ಟುತ್ತದೆ. ಅಡ್ಡ ಹೋಗುವ ಪೈಪಿಗೆ ಒಂದು ಅಡಿಗೆ ಕಾಲು ಇಂಚಿನಷ್ಟು ಇಳಿಜಾರು ಬೇಕು. ಟ್ರ್ಯಾಪ್ ಕೆಳಗೆ ಬಕೆಟ್ ಇಟ್ಟು, ಕೆಳಗಿನ ಬಟ್ಟಲನ್ನು ಕೈಯಿಂದ ತಿರುಗಿಸಿ ಬಿಚ್ಚಿ ತೊಳೆಯಿರಿ. ಅದು ಸ್ವಚ್ಛವಿದ್ದೂ ನೀರು ಇಳಿಯದಿದ್ದರೆ ರಬ್ಬರ್ ಪಂಪ್ ಹಾಕಿ ನೋಡಿ. ಓವರ್‌ಫ್ಲೋ ತೂತಿಗೆ ಒದ್ದೆ ಬಟ್ಟೆ ತುರುಕಿ ಒತ್ತಬೇಕು, ಇಲ್ಲದಿದ್ದರೆ ಗಾಳಿ ಅಲ್ಲಿಂದಲೇ ಹೋಗುತ್ತದೆ.

ಅಂಗಡಿಯಲ್ಲಿ ಸಿಗುವ ಪುಡಿ, ಆಸಿಡ್ ಸುರಿಯುವ ಮನಸ್ಸಾಗುತ್ತದೆ. ದಯವಿಟ್ಟು ಬೇಡ. ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಅಡುಗೆಮನೆಯಲ್ಲಿ ಅದು ಉಸಿರು ಕಟ್ಟಿಸುತ್ತದೆ. ಕಾಸ್ಟಿಕ್ ಸೋಡಾ ಪುಡಿ ನೀರಿಗೆ ಬಿದ್ದ ಕೂಡಲೇ ಕಾಯ್ದು ಮುಖಕ್ಕೆ ಸಿಡಿಯಬಹುದು. ಈಗಾಗಲೇ ಯಾರಾದರೂ ಸುರಿದಿದ್ದರೆ ಟ್ರ್ಯಾಪ್ ಬಿಚ್ಚಬೇಡಿ, ಬರುವ ಪ್ಲಂಬರಿಗೆ ಅದನ್ನು ತಪ್ಪದೆ ಹೇಳಿ. ಗಟ್ಟಿಯಾದ ಸಿಮೆಂಟಿಗೆ ಈ ಯಾವುದೂ ನಾಟುವುದಿಲ್ಲ. ಆ ಭಾಗದ ಪೈಪ್ ಬದಲಿಸುವುದೊಂದೇ ದಾರಿ.

ಸಿಂಕಿನ ಜೊತೆ ಬಚ್ಚಲಿನಲ್ಲೂ ನೀರು ನಿಂತರೆ ತಡೆ ಹೊರಗಿನ ಮೋರಿ ಚೇಂಬರಿನಲ್ಲಿರಬಹುದು.

ನೀರು ಸರಾಗ ಇಳಿದೂ ವಾಸನೆ ಬಂದರೆ, ಜಿರಲೆ ಬಂದರೆ, ವೇಸ್ಟ್ ಪೈಪಿನ ತುದಿ ನೋಡಿ. ನೆಲದ ದೊಡ್ಡ ಪೈಪಿನೊಳಗೆ ಸುಮ್ನೆ ತುರುಕಿ ಬಿಟ್ಟು, ಸುತ್ತ ಸಂದು ಉಳಿದಿರುತ್ತದೆ. ಅದಕ್ಕೆ ಸರಿಯಾದ ಅಳತೆಯ ರಬ್ಬರ್ ಬುಷ್ ಹಾಕಿಸಿ. ಟ್ರ್ಯಾಪೇ ಇಲ್ಲದಿದ್ದರೆ ಟ್ರ್ಯಾಪ್ ಹಾಕಿಸಿ. ಅದರಲ್ಲಿ ನಿಂತ ನೀರೇ ಮೋರಿಯ ವಾಸನೆಯನ್ನು ತಡೆಯುವುದು. ವಾರಗಟ್ಟಲೆ ಊರಿಗೆ ಹೋಗಿ ಬಂದಾಗ ಆ ನೀರು ಆರಿ ವಾಸನೆ ಬಂದರೆ ಒಂದು ಚೊಂಬು ನೀರು ಹಾಕಿದರೆ ಸಾಕು.

ಹೊಸ ಸ್ಟೀಲ್ ಸಿಂಕಿನಲ್ಲಿ ತುಕ್ಕಿನ ಚುಕ್ಕೆ

ಗ್ರಿಲ್ ಕತ್ತರಿಸಿದಾಗ ಹಾರಿದ ಕಬ್ಬಿಣದ ಪುಡಿ ಸಿಂಕಿಗೆ ಅಂಟಿ ತುಕ್ಕು ಹಿಡಿದಿರುವುದೇ ಹೆಚ್ಚು. ಅಡುಗೆ ಸೋಡಾ ಹಚ್ಚಿ ಮೆದು ಸ್ಪಂಜಿನಿಂದ ಉಜ್ಜಿದರೆ ಹೋಗುತ್ತದೆ. ಉಜ್ಜಿದ ಮೇಲೆ ಚುಕ್ಕೆ ಇದ್ದ ಕಡೆ ಗುಂಡಿ ಕಂಡರೆ ಟೈಲ್ಸ್ ತೊಳೆದ ಆಸಿಡ್ ತಾಗಿರಬಹುದು, ಅಥವಾ ಸ್ಟೀಲೇ ಕಳಪೆ. ಅಂಗಡಿಯವರಿಗೆ ತೋರಿಸಿ.

ಯಾರನ್ನು ಕರೆಯಬೇಕು, ಏನು ಹೇಳಬೇಕು

ಹೊಸ ಅಡುಗೆಮನೆಯ ದೊಡ್ಡ ಕಷ್ಟ ಇದೇ. ಪ್ಲಂಬರ್ ನಲ್ಲಿಯ ಮೇಲೆ ಹೇಳುತ್ತಾರೆ, ಅಂಗಡಿಯವರು ಪ್ಲಂಬರ್ ಮೇಲೆ ಹೇಳುತ್ತಾರೆ, ಕಪಾಟಿನವರು ಇಬ್ಬರ ಮೇಲೂ ಹೇಳುತ್ತಾರೆ. ಮೇಲಿನ ಪರೀಕ್ಷೆಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. "ಸಿಂಕ್ ಸೋರುತ್ತಿದೆ" ಎಂದು ಹೇಳುವ ಬದಲು, "ನಲ್ಲಿ ಮುಚ್ಚಿದ್ದಾಗ ಒಣಗಿರುತ್ತದೆ, ಸಿಂಕ್ ತುಂಬಿಸಿದಾಗ ಕಪ್ಲಿಂಗ್ ಹತ್ತಿರ ಹನಿಯುತ್ತದೆ, ವಿಡಿಯೋ ಕಳಿಸಿದ್ದೇನೆ ನೋಡಿ" ಎಂದು ಹೇಳಿ. ತಪ್ಪಿಸಿಕೊಳ್ಳಲು ಜಾಗ ಇರುವುದಿಲ್ಲ. ಬರುವವರೂ ಸರಿಯಾದ ವಾಷರ್ ಹಿಡಿದೇ ಬರುತ್ತಾರೆ.

ಜಾಲಿ, ಕಾರ್ಟ್ರಿಡ್ಜ್, ರಬ್ಬರ್ ರಿಂಗ್, ನಲ್ಲಿಯ ಮೈಯಲ್ಲಿ ಬಿರುಕು: ನಲ್ಲಿ ಕೊಂಡ ಅಂಗಡಿ ಅಥವಾ ಕಂಪನಿ. ಆಂಗಲ್ ಕಾಕ್, ಕನೆಕ್ಷನ್ ಪೈಪ್, ಟ್ರ್ಯಾಪ್, ಇಳಿಜಾರು: ಪ್ಲಂಬರ್. ಸಿಂಕಿನ ಅಂಚು, ಸಿಂಕ್ ಇಳಿದದ್ದು, ಪ್ಲೈವುಡ್: ಅಡುಗೆಮನೆ ಮಾಡಿಕೊಟ್ಟವರು. ಕೊನೆಯ ಕಂತಿನ ದುಡ್ಡು ಕೊಡುವ ಮೊದಲೇ ಮೇಲಿನ ಪರೀಕ್ಷೆಗಳನ್ನು ಅವರ ಎದುರೇ ಮಾಡಿಸಿದರೆ ಅರ್ಧ ತಲೆನೋವು ಕಡಿಮೆ.

ಬಿಲ್, ವಾರಂಟಿ ಕಾರ್ಡ್, ಕರಾರಿನ ಪ್ರತಿ, ತಾರೀಖು ಇರುವ ಫೋಟೋ, ಎಲ್ಲ ಒಂದೇ ಕಡೆ ಇಡಿ. ಕೇಳಿ ಕೇಳಿ ಸಾಕಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲಿಯೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಆಯೋಗ ಇದೆ. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ದೂರನ್ನು ತೊಂದರೆ ಕಾಣಿಸಿದ 2 ವರ್ಷದೊಳಗೆ ಕೊಡಬೇಕು, ಆದ್ದರಿಂದ ಮೊದಲ ಸಲ ಒದ್ದೆ ಕಂಡ ದಿನದ ಫೋಟೋ ಅಳಿಸಬೇಡಿ.